ತವರಿಗೆ ಹೊರಟ ಪುನರ್ಪುಳಿ

ನೆಟ್ಟಣದಲ್ಲಿ ರೈಲು ಇಳಿದಾಗ ಮಳೆ ಇರಲಿಲ್ಲ, ಆದರೂ ನಾನು ತೊಯ್ದು ತೊಪ್ಪೆಯಾಗಿದ್ದೆ. ದಾವಣಗೆರೆಯ ಬಿಸಿಲಿನಲ್ಲಿ ಬೆಳೆದವಳಿಗೆ ಬಿಸಿಲು ಗೊತ್ತು, ಈ ಸೆಕೆ ಗೊತ್ತಿಲ್ಲ. ಬೋರ್ಡಿನಲ್ಲಿ ಸುಬ್ರಹ್ಮಣ್ಯ ರೋಡ್ ಎಂದು ಬರೆದಿದ್ದರೂ ಊರಿನವರ ಬಾಯಲ್ಲಿ ಅದು ನೆಟ್ಟಣವೇ. ನನ್ನ ಜೊತೆ ಇಳಿದವರೆಲ್ಲ ದೇವಸ್ಥಾನದ ಕಡೆಗೆ ಜೀಪು ಹತ್ತಿದರು. ನಾನೊಬ್ಬಳೇ ಉಳಿದದ್ದನ್ನು ನೋಡಿ ಆಟೋದವರೊಬ್ಬರು ಹತ್ತಿರ ಬಂದರು.

"ನೀವು ದೇವಸ್ಥಾನಕ್ಕೆ ಅಲ್ವಾ?"

"ಅಲ್ಲ, ಕೋಡಿಂಬಾಳಕ್ಕೆ."

"ಕೋಡಿಂಬಾಳದಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?"

ಅದನ್ನೇ ನೋಡಲು ಬಂದಿದ್ದೆ, ಏನುಂಟು ಏನಿಲ್ಲ ಅಂತ. ಹಲವು ವರ್ಷ ಸಂಸ್ಥೆಗಳಲ್ಲಿ ಹಂಚುವ ಕೆಲಸ ಮಾಡಿದವಳು ನಾನು. ಹೊರದೇಶದ ದುಡ್ಡಿನಲ್ಲಿ ಬಂದ ಹೊಲಿಗೆ ಯಂತ್ರ, ಮೇಕೆ, ನೀರಿನ ಫಿಲ್ಟರು ಹಂಚಿ, ಫೋಟೋ ತೆಗೆದು, ಮುಂದಿನ ಊರಿಗೆ ಹೋಗುತ್ತಿದ್ದೆವು. ಆಮೇಲೆ ಆ ಮೇಕೆ ಬದುಕಿತೋ ಸತ್ತಿತೋ ಎಂದು ಯಾರೂ ಕೇಳುತ್ತಿರಲಿಲ್ಲ. ನಲವತ್ತೈದು ದಾಟಿದ ಮೇಲೆ, ಕೊಟ್ಟದ್ದರಿಂದ ನಿಜಕ್ಕೂ ಏನಾಯಿತು ಎಂದು ಅಳೆಯುವ ವಿದ್ಯೆ ಕಲಿಯಲೇಬೇಕೆಂಬ ಹಟ ಹತ್ತಿತು. ಬೆಂಗಳೂರಿನಲ್ಲಿ ತರಬೇತಿಗೆ ಸೇರಿದೆ. ಈ ಪ್ರವಾಸ ಅದರ ಪರೀಕ್ಷೆ.

ವಿಷಯ ಸರಳ. ಪುತ್ತೂರಿನ ಹತ್ತಿರ ಸವಣೂರಿನಲ್ಲಿ ಹೆಂಗಸರ ಒಂದು ಗುಂಪಿಗೆ ವಿದೇಶಿ ನೆರವಿನ ಯೋಜನೆಯೊಂದು ಸೋಲಾರ್ ಡ್ರೈಯರ್ ಕೊಟ್ಟಿತ್ತು. ಬಿಸಿಲಿನ ಕಾವು ಹಿಡಿದಿಡುವ ಈ ಮುಚ್ಚಿದ ಪೆಟ್ಟಿಗೆಯ ಟ್ರೇಗಳಲ್ಲಿ ಪುನರ್ಪುಳಿ ಒಣಗಿಸುತ್ತಾರೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಅದು ಕೆಂಪಗೆ ಹುಳಿಯಾದ ಒಂದು ಹಣ್ಣು, ಅದರ ಸಿಪ್ಪೆ ಒಣಗಿಸಿದರೆ ಶರಬತ್ತಿಗೂ ಸಾರಿಗೂ ಆಗುತ್ತದೆ, ಒಳ್ಳೆಯ ಬೆಲೆಗೂ ಹೋಗುತ್ತದೆ. ಹಣ್ಣಾಗುವ ಕಾಲಕ್ಕೇ ಮಳೆಯೂ ಬರುತ್ತದೆ, ಅಂಗಳದಲ್ಲಿ ಹರಡಿದ ಸಿಪ್ಪೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಈ ಡ್ರೈಯರ್. ಬಿಸಿಲಿಲ್ಲದ ದಿನ ಕೆಳಗೆ ಒಲೆ ಉರಿಸಿದರೂ ಒಣಗುತ್ತದೆ. ಈ ವರ್ಷ ಇನ್ನೊಂದೇ ಒಂದು ಡ್ರೈಯರ್ ಕೊಡಲು ಹಣವಿತ್ತು, ಅದೂ ಮೊದಲನೆಯದರಿಂದ ಪ್ರಯೋಜನವಾಗಿದ್ದರೆ ಮಾತ್ರ.

ಪ್ರಯೋಜನವಾಯಿತೋ ಇಲ್ಲವೋ ಎಂದು ತಿಳಿಯಲು ಕೊಟ್ಟ ಊರನ್ನು ನೋಡಿದರೆ ಸಾಲದು, ಕೊಡದ ಊರನ್ನೂ ನೋಡಬೇಕು. ಎರಡೂ ಒಂದೇ ಥರದ ಊರಾಗಿರಬೇಕು. ಆಗ ಎರಡರ ನಡುವೆ ಕಾಣುವ ವ್ಯತ್ಯಾಸವೇ ಡ್ರೈಯರಿನ ಫಲ. ಇದು ನಮ್ಮ ಗುರುಗಳಾದ ಮೂರ್ತಿ ಸರ್ ಹೇಳಿಕೊಟ್ಟ ಮೊದಲ ಪಾಠ. ಸವಣೂರಿನ ವಿವರಗಳನ್ನು ಬೇರೆಯವರು ಆಗಲೇ ತಂದು ಕೊಟ್ಟಿದ್ದರು. ಹೋಲಿಕೆಯ ಊರನ್ನು ನಾನೇ ಆರಿಸಬೇಕಿತ್ತು. ದಾವಣಗೆರೆಯ ಮನೆಯಲ್ಲಿ ಕೂತು ನಕ್ಷೆ ನೋಡಿ ಕಡಬದ ಬಳಿಯ ಕೋಡಿಂಬಾಳವನ್ನು ಆರಿಸಿದೆ. ಅದೇ ಮಳೆ, ಅದೇ ಗುಡ್ಡ, ಅದೇ ಅಡಕೆ, ಅದೇ ರಬ್ಬರು, ಅದೇ ಪುನರ್ಪುಳಿ. ಎಷ್ಟು ಚೆನ್ನಾಗಿ ಆರಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕಡಬದ ಲಾಡ್ಜಿನಲ್ಲಿ ಚೀಲ ಇಟ್ಟು, ಹೋಟೆಲಿನಲ್ಲಿ ಬನ್ಸ್ ತಿಂದು, ಅದೇ ಆಟೋದಲ್ಲಿ ಕೋಡಿಂಬಾಳಕ್ಕೆ ಹೋದೆ. ಅಲ್ಲಿನ ಹೆಂಗಸರ ಗುಂಪಿನ ಮುಖ್ಯಸ್ಥೆ ಲೀಲಾವತಿ. ಅರುವತ್ತರ ಹತ್ತಿರದವರು, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದವರು, ಮನೆಯಲ್ಲಿ ಆ ಕಡೆಯವರ ಅರೆಭಾಷೆ, ನನ್ನ ಜೊತೆ ಕನ್ನಡ. ಕೂರಿಸಿ ಮೊದಲು ಬೆಲ್ಲ ನೀರು ಕೊಟ್ಟರು, ಆಮೇಲೆ ಚಹಾ. ಅವರ ಸೊಸೆ ಯಶೋದಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಪುನರ್ಪುಳಿ ಎಲ್ಲಿ ಒಣಗಿಸ್ತೀರಿ?" ಎಂದು ಕೇಳಿದೆ.

"ಎಲ್ಲಿ ಒಣಗಿಸುದು? ಅಂಗಳದಲ್ಲೇ. ನಮಗೆ ಡ್ರೈಯರ್ ಎಲ್ಲಿ ಉಂಟು? ನೀವು ಕೊಡಿಸಬೇಕು."

ಗುಂಪಿನ ಉಳಿದ ಹೆಂಗಸರನ್ನೂ ಮನೆಮನೆಗೆ ಹೋಗಿ ಮಾತಾಡಿಸಿದೆ. ಎಲ್ಲರದೂ ಒಂದೇ ಮಾತು, ಅಂಗಳದಲ್ಲೇ. ಆದರೆ ಮಾರಿದ ಸಿಪ್ಪೆ ನೋಡಿದರೆ ಸವಣೂರಿನಷ್ಟೇ. ಬೂಸ್ಟು ಹಿಡಿದು ಎಸೆದದ್ದು ಏನಾದರೂ ಉಂಟೇ ಎಂದರೆ ಇಲ್ಲವೇ ಇಲ್ಲ. ಒಂದು ಮನೆಯಲ್ಲಿ ಡಬ್ಬಿ ತೆರೆದು ತೋರಿಸಿದರು, ಸಿಪ್ಪೆ ಕೆಂಪಗೆ ಗರಿಗರಿಯಾಗಿತ್ತು. ನನ್ನ ಉತ್ಸಾಹ ಜರ್ರನೆ ಇಳಿದುಹೋಯಿತು. ಡ್ರೈಯರ್ ಇದ್ದ ಊರೂ ಇಲ್ಲದ ಊರೂ ಒಂದೇ ಥರ ಎಂದಾದರೆ ಡ್ರೈಯರ್ ದಂಡ ಎಂದೇ ಅರ್ಥ. ಹಾಗೆ ಬರೆದರೆ ಎರಡನೆಯದು ಯಾವ ಊರಿಗೂ ಬರುವುದಿಲ್ಲ. ಲೀಲಾವತಿಯವರ ಊರಿಗೂ ಇಲ್ಲ.

ಸಂಜೆ ಕಡಬದಿಂದ ಮೂರ್ತಿ ಸರ್‌ಗೆ ಫೋನ್ ಮಾಡಿದೆ. "ಬೇಜಾರಾಗ್ತಿದೆ ಸರ್," ಎಂದೆ. "ಬೇಜಾರನ್ನು ವರದಿಯಲ್ಲಿ ಬರೆಯೋ ಹಾಗಿಲ್ಲ. ಕಂಡದ್ದನ್ನ ಬರೀರಿ," ಎಂದು ಇಟ್ಟುಬಿಟ್ಟರು. ಹೊರಗೆ ಗುಡುಗಿ ನಾಲ್ಕು ಹನಿ ಬಿತ್ತು, ಸೆಕೆ ಇನ್ನಷ್ಟು ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಕೋಡಿಂಬಾಳ ಸ್ಟೇಷನ್ನಿನಿಂದ ಪುತ್ತೂರಿಗೆ ಪ್ಯಾಸೆಂಜರ್ ಹತ್ತಿದೆ. ಪುತ್ತೂರಿನಲ್ಲಿ ಎರಡು ದಿನ ಕೂತು ವರದಿ ಮುಗಿಸುವುದು ನನ್ನ ಯೋಚನೆ. ಹತ್ತು ರೂಪಾಯಿ ಟಿಕೇಟು, ಕಿಟಕಿಯ ಸೀಟು. ಎಡಮಂಗಲ ದಾಟಿದ ಮೇಲೆ ಎದುರು ಕೂತಿದ್ದ ಬಿಳಿ ಪಂಚೆಯ ಹಿರಿಯರು ಧಡಕ್ಕನೆ ಕಾಲು ಎತ್ತಿದರು.

"ಅಯ್ಯಯ್ಯೋ, ರಕ್ತ! ಯಾರಿಗೆ ಎಂತ ಆಯ್ತು?"

ಸೀಟಿನ ಕೆಳಗಿಂದ ಕೆಂಪು ನೀರು ಹರಿದು ನನ್ನ ಚಪ್ಪಲಿಯವರೆಗೆ ಬಂದಿತ್ತು. ಬೋಗಿಯಲ್ಲಿದ್ದವರೆಲ್ಲ ಎದ್ದು ನಿಂತರು. ಹಿಂದಿನ ಸೀಟಿನಿಂದ ಹೆಣ್ಣು ದನಿಯೊಂದು ಕೇಳಿತು. "ರಕ್ತ ಅಲ್ಲ ಅಣ್ಣ, ಹೆದರ್ಬೇಡಿ. ಪುನರ್ಪುಳಿ. ಚೀಲ ಸೋರುದು."

ತಿರುಗಿ ನೋಡಿದರೆ ಯಶೋದಾ. ನನ್ನನ್ನು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಎಲ್ಲಿಗೆ ಯಶೋದಾ?"

"ತವರಿಗೆ ಅಕ್ಕ. ಸವಣೂರಿಗೆ."

ಸವಣೂರು ಎಂಬ ಹೆಸರು ಕಿವಿಗೆ ಬಿದ್ದದ್ದೇ ಬಗ್ಗಿ ನೋಡಿದೆ. ಸೀಟಿನ ಕೆಳಗೆ ಎರಡು ದೊಡ್ಡ ಚೀಲಗಳಿದ್ದವು. "ನಿಮ್ಮ ಅಮ್ಮನಿಗೆ ಸಾರು ಮಾಡೋಕೆ ಇಷ್ಟು ಬೇಕಾ?" ಎಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು, ಆಮೇಲೆ ನಕ್ಕೇಬಿಟ್ಟಳು. "ಇನ್ನು ನಿಮ್ಮ ಹತ್ತಿರ ಅಡಗಿಸಿ ಎಂತ ಮಾಡುದು ಅಕ್ಕ. ನಾನು ಹೇಳಿದೆ ಅಂತ ಅತ್ತೆಗೆ ಹೇಳ್ಬೇಡಿ. ಅಲ್ಲಿಯ ಡ್ರೈಯರಿನಲ್ಲಿ ಒಣಗಿಸ್ಲಿಕ್ಕೆ ತಕೊಂಡು ಹೋಗುದು."

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮಳೆ ನೋಡಿದೆ, ಗುಡ್ಡ ನೋಡಿದೆ, ಬೆಳೆ ನೋಡಿದೆ. ಯಾವ ಊರಿನ ಹುಡುಗಿಯರನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂದು ಮಾತ್ರ ನೋಡಲಿಲ್ಲ. ನಾನೂ ಒಬ್ಬ ಮನೆಮಗಳೇ ಅಲ್ಲವೇ? ತವರಿಗೆ ಹೋಗುವಾಗ ಒಂದು ಚೀಲ, ಬರುವಾಗ ಇನ್ನೊಂದು ಚೀಲ ಹೊರುವವಳಿಗೆ ಇಷ್ಟು ಹೊಳೆಯಬಾರದೇ? ಥೂ ನನ್ನ ಬುದ್ಧಿಗಿಷ್ಟು ಎಂದುಕೊಂಡೆ. ಪುತ್ತೂರಿನ ಟಿಕೇಟು ಇದ್ದರೂ ಯಶೋದಾಳ ಜೊತೆ ಕಾಣಿಯೂರಿನಲ್ಲೇ ಇಳಿದೆ. ಒಂದು ಚೀಲ ನಾನು ಹಿಡಿದೆ. ಅದು ಸೋರಿ ನನ್ನ ಹೊಸ ಕುರ್ತಾ ಪೂರ್ತಿ ಕೆಂಪಾಯಿತು, ಆ ಕಲೆ ಇನ್ನೂ ಹೋಗಿಲ್ಲ.

ಕಾಣಿಯೂರಿನಿಂದ ಬಸ್ಸಿನಲ್ಲಿ ಸವಣೂರು ಸ್ವಲ್ಪ ಹೊತ್ತಿನ ದಾರಿ. ಸಣ್ಣ ಪೇಟೆ, ಅದರ ಹಿಂದೆಯೇ ಯಶೋದಾಳ ತವರುಮನೆ. ಅಮ್ಮ ಹೊರಗೆ ಬಂದು ತುಳುವಿನಲ್ಲಿ ಏನೋ ಕೇಳಿದರು. ಅತ್ತಿಗೆ ಒಳಗಿನಿಂದಲೇ ಇನ್ನೇನೋ ಹೇಳಿದಳು. ನನಗೆ ತುಳು ಬಾರದು, ಆದರೆ ದನಿ ತಿಳಿಯುತ್ತದೆ. ಯಶೋದಾ ನೀರೂ ಕುಡಿಯದೆ ಚೀಲ ಎತ್ತಿಕೊಂಡು ಡ್ರೈಯರಿನ ಕಡೆ ನಡೆದಳು, ನಾನು ಹಿಂದೆ ಓಡಿದೆ.

ಡ್ರೈಯರ್ ಇದ್ದದ್ದು ಆಯಿಷಮ್ಮನ ಮನೆಯ ಹಿತ್ತಲಿನಲ್ಲಿ. ಆಯಿಷಮ್ಮ ಸವಣೂರಿನ ಗುಂಪಿನ ಮುಖ್ಯಸ್ಥೆ, ಬ್ಯಾರಿ ಮುಸ್ಲಿಂ ಹೆಂಗಸು, ಮನೆಯವರದು ಪೇಟೆಯಲ್ಲಿ ದಿನಸಿ ಅಂಗಡಿ. ನಾನು ಯಾರೆಂದು ತಿಳಿದ ಕೂಡಲೇ ಅವರು ಸೊಂಟದ ಮೇಲೆ ಕೈ ಇಟ್ಟರು.

"ನೋಡಿ ಮೇಡಂ, ಗುಂಪಿನವರಿಗೆ ಮಾತ್ರ ಅಂತ ನಿಯಮ ಉಂಟು, ನನಗೆ ಗೊತ್ತುಂಟು. ಆದರೆ ಈ ಹುಡುಗಿ ನನ್ನ ಕಣ್ಣೆದುರು ಬೆಳೆದದ್ದು. ಊರಿನ ಮಗಳು ಚೀಲ ಹೊತ್ತುಕೊಂಡು ಬಂದು ನಿಂತರೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ? ನೀವೇ ಹೇಳಿ."

"ಇವಳೊಬ್ಬಳೇ ಬರೋದಾ?"

"ಒಬ್ಬಳೇ ಎಲ್ಲಿಂದ? ನಮ್ಮ ಊರಿಂದ ಕೋಡಿಂಬಾಳಕ್ಕೆ ಕೊಟ್ಟವರು ತುಂಬ ಜನ ಉಂಟು. ಎಲ್ಲರೂ ಬರ್ತಾರೆ. ಅವರ ಚೀಲದಲ್ಲಿ ನೆರೆಕರೆಯವರದ್ದೂ ಇರ್ತದೆ. ಕೂತುಕೊಳ್ಳಿ, ಮೊದಲು ಚಾ ಕುಡೀರಿ."

ಚಹಾದ ಜೊತೆ ಬಿಸಿ ಅಕ್ಕಿರೊಟ್ಟಿ ಬಂತು, ಮೀನಿನ ಸಾರೂ ಬಂತು. ಹೊಟ್ಟೆ ಹಸಿದಿತ್ತು, ನಾಚಿಕೆ ಬಿಟ್ಟು ತಿಂದೆ. ಯಶೋದಾ ತಿನ್ನಲಿಲ್ಲ. ಸಿಪ್ಪೆಗಳನ್ನು ಒಂದೊಂದಾಗಿ ಟ್ರೇಯಲ್ಲಿ ಬೋರಲು ಹಾಕುತ್ತಿದ್ದವಳನ್ನು, ಅಮ್ಮ ಏನು ಕೇಳಿದ್ದು ಎಂದು ವಿಚಾರಿಸಿದೆ.

"'ಈ ಸಲ ಎರಡೇ ಚೀಲವಾ' ಅಂತ ಕೇಳಿದ್ದು. ಅತ್ತಿಗೆ, 'ನಾಳೆ ಟ್ರೇ ನಮಗೆ ಬೇಕು' ಅಂತ ಹೇಳಿದ್ದು." ಅವಳ ಕೈ ನಿಂತಿತು. "ಮೊದಲೆಲ್ಲ ನಾನು ಬಂದರೆ ಅಮ್ಮ ನನ್ನ ಮುಖ ನೋಡ್ತಿದ್ರು ಅಕ್ಕ. ಈಗ ಮೊದಲು ಚೀಲ ನೋಡುದು. ಊರವರದ್ದೆಲ್ಲ ಹೊತ್ತುಕೊಂಡು ಬರ್ತೇನಲ್ಲ, ಇಲ್ಲಿಯವರ ಟ್ರೇ ನಾನು ಹಿಡಿಯುದು ಅಂತ ಎಲ್ಲರಿಗೂ ಅಸಮಾಧಾನ. ಹೇಳುದಿಲ್ಲ, ಆದರೆ ಗೊತ್ತಾಗ್ತದೆ. ನನಗೆ ಒಂದು ಸಲ ಬರಿಗೈಯಲ್ಲಿ ಬರಬೇಕು. ಬಂದು ಅಮ್ಮನ ಹತ್ತಿರ ಸುಮ್ಮನೆ ಮಲಗಬೇಕು. ನಮ್ಮ ಊರಿಗೊಂದು ಡ್ರೈಯರ್ ಬಂದರೆ ಸಾಕು ಅಕ್ಕ, ನಾನು ಬೇರೆ ಎಂತದ್ದೂ ಕೇಳುದಿಲ್ಲ."

 ನಾನು ಹೊತ್ತು ತಂದ ಉದ್ದುದ್ದ ಪ್ರಶ್ನೆಗಳಲ್ಲಿ ಇದನ್ನು ಕೇಳುವ ಒಂದು ಪ್ರಶ್ನೆಯೂ ಇರಲಿಲ್ಲ.

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ರೂಮು ಹಿಡಿದು ಮೂರ್ತಿ ಸರ್‌ಗೆ ಎಲ್ಲ ಹೇಳಿದೆ. ಅವರು, "ಹೋಲಿಕೆಯ ಊರು ಕೆಟ್ಟಿತು. ಕೋಡಿಂಬಾಳವನ್ನ ತೆಗೆದುಹಾಕಿ, ಸವಣೂರಿನದಷ್ಟೇ ಬರೆದು ಮುಗಿಸಿ," ಎಂದರು.

"ಆಗಲ್ಲ ಸರ್," ಎಂದೆ. "ಊರು ಕೆಟ್ಟಿಲ್ಲ, ನನ್ನ ಆಯ್ಕೆ ಕೆಟ್ಟಿತು. ಡ್ರೈಯರಿನ ಫಲ ರೈಲು ಹತ್ತಿ ಇನ್ನೊಂದು ಊರಿಗೆ ಹೋಗಿದೆ, ಅದನ್ನ ಹೇಗೆ ಅಳಿಸಲಿ? ನಿಜವಾಗಿ ಡ್ರೈಯರ್ ಮುಟ್ಟದ ಒಂದು ಊರು ಹುಡುಕ್ತೀನಿ. ಎರಡು ದಿನ ಕೊಡಿ."

"ಖರ್ಚು ನಿಮ್ಮದೇ."

"ನನ್ನದೇ," ಎಂದು ಫೋನ್ ಇಟ್ಟೆ. ಇಷ್ಟು ದೂರ ಬಂದು ಅರ್ಧ ಸತ್ಯ ಕಟ್ಟಿಕೊಂಡು ಹೋಗುವವಳು ನಾನಲ್ಲ.

ಬೆಳಿಗ್ಗೆ ಮತ್ತೆ ಕೋಡಿಂಬಾಳ. ಯಶೋದಾ ಸಿಪ್ಪೆಯನ್ನು ಆಯಿಷಮ್ಮನ ವಶಕ್ಕೆ ಬಿಟ್ಟು ಹಿಂದಿನ ಸಂಜೆಯೇ ವಾಪಸ್ಸು ಬಂದು ಅತ್ತೆಗೆ ಎಲ್ಲ ಒಪ್ಪಿಸಿಬಿಟ್ಟಿದ್ದಳು. ಲೀಲಾವತಿಯವರು ನನ್ನನ್ನು ಕಂಡು ತಲೆ ತಗ್ಗಿಸಲಿಲ್ಲ.

"ಸುಳ್ಳು ಹೇಳಿದ್ದು ಹೌದು. ಇಲ್ಲದವರಿಗೆ ಮಾತ್ರ ಕೊಡುದು ಅಂತ ಕೇಳಿದ್ದು. ಸವಣೂರಿನದ್ದು ಬಳಸ್ತೇವೆ ಅಂದರೆ, ನಿಮಗೆ ಉಂಟಲ್ಲ ಅಂತ ಹೇಳಿಬಿಡ್ತೀರಿ. ಅದಕ್ಕೆ ನಾನೇ ಎಲ್ಲರಿಗೂ ಹೇಳಿಕೊಟ್ಟದ್ದು."

"ಅಮ್ಮಾ, ನೀವು ಅಂಗಳದಲ್ಲಿ ಒಣಗಿಸಿಯೇ ಇಷ್ಟು ಒಳ್ಳೇ ಸಿಪ್ಪೆ ಮಾಡ್ತೀರಿ ಅಂದರೆ ಡ್ರೈಯರ್ ಯಾಕೆ ಬೇಕು? ನಾನು ಹಾಗೇ ಬರೆಯೋದ್ರಲ್ಲಿದ್ದೆ. ಬರೆದಿದ್ದರೆ ಯಾರಿಗೂ ಬರ್ತಿರಲಿಲ್ಲ."

ಅವರು ಕೂತಲ್ಲೇ ಹಣೆ ಚಚ್ಚಿಕೊಂಡರು. "ಅಯ್ಯೋ ದೇವ್ರೆ, ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡದ್ದಾ!"

ಸವಣೂರಿನ ಜೊತೆ ಕೊಟ್ಟು ತಂದ ಸಂಬಂಧವಿಲ್ಲದ, ಆದರೆ ಪುನರ್ಪುಳಿ ಒಣಗಿಸುವ ಊರು ಯಾವುದಾದರೂ ಉಂಟೇ ಎಂದು ಕೇಳಿದೆ.  ಅವರು ಎದ್ದು ಸೀರೆ ಬದಲಿಸಿಕೊಂಡು ಬಂದರು. "ನನ್ನ ತವರು ಉಂಟು. ಗುತ್ತಿಗಾರಿನ ಆಚೆ, ಸುಳ್ಯ ತಾಲೂಕು. ಅಲ್ಲಿಂದ ಸವಣೂರಿಗೆ ಯಾರನ್ನೂ ಕೊಟ್ಟದ್ದಿಲ್ಲ. ಬನ್ನಿ, ನಾನೇ ತೋರಿಸ್ತೇನೆ."

ಪಂಜದಲ್ಲಿ ಬಸ್ಸು ಬದಲಿಸಿ, ಗುತ್ತಿಗಾರಿನಲ್ಲಿ ಗೋಳಿಬಜೆ ತಿಂದು, ಅಲ್ಲಿಂದ ಜೀಪು ಹಿಡಿದೆವು. ರಸ್ತೆ ಎಷ್ಟು ಕೆಟ್ಟಿತ್ತೆಂದರೆ ತಿಂದ ಬಜೆ ಗಂಟಲಿಗೆ ಬಂತು. ಲೀಲಾವತಿಯವರ ಅಣ್ಣನ ಹೆಂಡತಿ ನಮ್ಮನ್ನು ಕಂಡು ಸಂಭ್ರಮಪಟ್ಟರು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹಲಸಿನ ಪಲ್ಯ ಆಯಿತು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಸಿಪ್ಪೆ.

ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಮಳೆ ಬಂತು. ಮುನ್ಸೂಚನೆ ಏನಿಲ್ಲ, ಧೋ ಎಂದು ಸುರಿಯಿತು. ಮನೆಯವರೆಲ್ಲ ಅಂಗಳಕ್ಕೆ ಓಡಿದರು, ಲೀಲಾವತಿಯವರು ಓಡಿದರು, ನಾನೂ ಓಡಿದೆ. ಚಾಪೆ ಮಡಿಸಿ ಜಗಲಿಗೆ ಎಳೆಯುವಷ್ಟರಲ್ಲಿ ಅರ್ಧ ಸಿಪ್ಪೆ ಕೆಸರಿನಲ್ಲಿ ಹೋಗಿತ್ತು. ಉಳಿದದ್ದನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. ಅಲ್ಲಿ ಮೊದಲೇ ಒಣಗಿದ್ದನ್ನು ಇಳಿಸಿ ತೋರಿಸಿದರು. ಕಪ್ಪಗಾಗಿತ್ತು, ಹೊಗೆಯ ನಾತ ಮೂಗಿಗೆ ಹೊಡೆಯಿತು.

"ಇದನ್ನು ಅಂಗಡಿಯವರು ಮುಟ್ಟುದಿಲ್ಲ. ತೆಂಗಿನ ಬುಡಕ್ಕೆ ಹಾಕುದು," ಎಂದರು ಆ ಹೆಂಗಸು, ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ. ಉಳಿದ ಮನೆಗಳಲ್ಲೂ ಅದೇ ಕಂಡೆ. ಕೊಟ್ಟ ಊರಿಗೂ ಕೊಡದ ಊರಿಗೂ ಇರುವ ವ್ಯತ್ಯಾಸ ಕೊನೆಗೂ ಕಣ್ಣಿಗೆ ಬಿತ್ತು. ಸವಣೂರಿನ ಡ್ರೈಯರ್ ದಂಡವಾಗಿರಲಿಲ್ಲ. ಎರಡು ಊರುಗಳನ್ನು ಅದೊಂದೇ ಸಾಕುತ್ತಿತ್ತು.

ಆದರೆ ಅದೇ ಸತ್ಯಕ್ಕೆ ಇನ್ನೊಂದು ಮಗ್ಗುಲಿತ್ತು. ಇರುವುದು ಇನ್ನೊಂದೇ ಡ್ರೈಯರ್. ಹೇಗೋ ಒಣಗಿಸಿಕೊಳ್ಳುತ್ತಿರುವ ಕೋಡಿಂಬಾಳಕ್ಕಿಂತ ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿಯುತ್ತಿರುವ ಈ ಊರಿಗೆ ಅದು ಮೊದಲು ಬರಬೇಕು. ನಾನು ಬೇರೆ ಏನು ಬರೆದರೂ ಅದು ಸುಳ್ಳು.  ವಾಪಸ್ಸು ಬರುವಾಗ ನಾನು ನೇರ ಪುತ್ತೂರಿಗೆ ಹೋಗಿಬಿಡಬಹುದಿತ್ತು. ವರದಿ ಕಳಿಸಿದರೆ ಉಳಿದದ್ದನ್ನು ಆಫೀಸಿನವರು ತಿಳಿಸುತ್ತಿದ್ದರು. ಅಷ್ಟು ವರ್ಷ ಫೋಟೋ ತೆಗೆದು ಮುಂದಿನ ಊರಿಗೆ ಹೋದದ್ದು ಸಾಕಾಗಿತ್ತು. ಹೇಳುವುದಿದ್ದರೆ ಮುಖ ನೋಡಿ ಹೇಳಬೇಕೆಂದು ಲೀಲಾವತಿಯವರ ಜೊತೆಗೇ ಕೋಡಿಂಬಾಳದಲ್ಲಿ ಇಳಿದೆ.

ಯಶೋದಾ ಜಗಲಿಯಲ್ಲಿ ಕೂತು ಹಣ್ಣು ಒಡೆಯುತ್ತಿದ್ದಳು, ಪಕ್ಕದಲ್ಲಿ ಮತ್ತೆರಡು ಚೀಲ ತುಂಬಿದ್ದವು. ಎದುರು ಕೂತು ಹೇಳಿದೆ. ತೀರ್ಮಾನ ನನ್ನ ಕೈಯಲ್ಲಿಲ್ಲ, ಆದರೆ ನಾನು ಬರೆಯುವುದು ಇದನ್ನೇ. ಮೊದಲು ಆ ಊರಿಗೆ ಕೊಡಿ ಎಂದು. ಕೋಡಿಂಬಾಳದ ಹೆಣ್ಣುಮಕ್ಕಳು ಈ ಭಾರವನ್ನು ತವರಿಗೆ ಹೇಗೆ ಹೊರುತ್ತಿದ್ದಾರೆ ಎಂಬುದನ್ನೂ ಬಿಡದೆ ಬರೆಯುತ್ತೇನೆ, ಆದರೆ ಈ ವರ್ಷ ಇಲ್ಲಿಗೆ ಡ್ರೈಯರ್ ಇಲ್ಲ.

ಅವಳ ಕೈಯಲ್ಲಿದ್ದ ಹಣ್ಣು ಕೆಳಗೆ ಬಿತ್ತು. "ಸತ್ಯ ಹೇಳಿದ್ದಕ್ಕೆ ಇದಾ ಅಕ್ಕ ಸಿಕ್ಕಿದ್ದು?"

"ಹೇಳದೇ ಇದ್ದಿದ್ದರೆ ಯಾರಿಗೂ ಸಿಗ್ತಿರಲಿಲ್ಲ ಯಶೋದಾ."

"ಈಗ ಸಿಕ್ಕಿದರೂ ನಮಗೆ ಇಲ್ಲ ಅಲ್ವಾ?" ಅವಳ ದನಿ ಏರಿತು. ಅತ್ತೆಯ ಎದುರು ಅವಳು ಹಾಗೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ಇನ್ನೂ ಎಷ್ಟು ವರ್ಷ ನಾನು ಅಮ್ಮನ ಮನೆಗೆ ಹಮಾಲಿಯ ಹಾಗೆ ಹೋಗುದು? ಬರಿಗೈಯಲ್ಲಿ ಹೋಗ್ಲಿಕ್ಕೆ ನನಗೆ ಈ ಜನ್ಮದಲ್ಲಿ ಇಲ್ಲ!"

 ಕ್ಷಮಿಸು ಎಂದೆ, ಆದರೆ ಬರೆಯುವುದನ್ನು ಬದಲಿಸುತ್ತೇನೆ ಎನ್ನಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಖ ತಿರುಗಿಸಿದಳು.

ಲೀಲಾವತಿಯವರು ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲೇ ನಿಂತಿದ್ದರು. ಸೊಸೆಯನ್ನು ಗದರುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು ಅವಳ ಮುಂದಿದ್ದ ಬುಟ್ಟಿ ಸರಿಸಿದರು.

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ನೀನು? ನನಗೂ ತವರು ಉಂಟಲ್ಲ ಮಾರಾಯ್ತಿ. ಡ್ರೈಯರ್ ಅಲ್ಲಿಗೆ ಬಂದರೆ ಇನ್ನು ಚೀಲ ನಾನು ಹೊರುದು. ಪಂಜದಲ್ಲಿ ಒಂದು ಬಸ್ಸು ಬದಲಿಸುದು, ಅಷ್ಟೇ ಅಲ್ವಾ? ನನ್ನ ಅತ್ತಿಗೆ ಮುಖ ಗಂಟು ಹಾಕಿದರೆ ಹಾಕಲಿ, ನನಗೆ ಈ ಪ್ರಾಯದಲ್ಲಿ ಎಂತ?"

"ಅದು ಬರುದು ಯಾವಾಗಲೋ," ಎಂದಳು ಯಶೋದಾ.

"ಬರುವವರೆಗೆ ಯಾಕೆ ಕಾಯುದು? ನೀನು ನಾಳೆ ಬೆಳಿಗ್ಗೆ ರೈಲಿಗೆ ಹೋಗು. ಕೈಯಲ್ಲಿ ಎಂತದ್ದೂ ಬೇಡ. ಎರಡು ದಿನ ಮಲಗಿ ಬಾ." ಅವರು ಒಂದು ಚೀಲವನ್ನು ಸೊಂಟಕ್ಕೆ ಏರಿಸಿಕೊಂಡರು. "ಈ ಸಲದ್ದು ನಮ್ಮ ಅಟ್ಟದಲ್ಲೇ ಒಣಗಲಿ. ಕಪ್ಪಾದರೆ ಕಪ್ಪಾಗಲಿ."